ಖಾರದ ಭರಣಿಯಲ್ಲಿ ಮೂರು ಒಂಬತ್ತು

ಇವತ್ತು ಬೆಳಿಗ್ಗೆ ಕಮಲಾಪುರದಿಂದ ನನ್ನ ತಂಗಿಯ ಮಗಳು ಸೃಷ್ಟಿ ಬಂದಿಳಿದಳು. ಅವಳ ಅಪ್ಪ ಅವಳನ್ನೂ ಎರಡು ಚೀಲಗಳನ್ನೂ ನಮ್ಮ ಬಾಗಿಲಲ್ಲಿ ಬಿಟ್ಟು, ಚಹಾಕ್ಕೂ ನಿಲ್ಲದೆ ಹೊರಟುಹೋದರು. ಒಂದು ಚೀಲದಲ್ಲಿ ಅವರ ತೋಟದ ಕೆಂಪು ಬಾಳೆಹಣ್ಣು. ಇನ್ನೊಂದರಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿ ಅದರ ಮೇಲೊಂದು ಹಳೆಯ ಟವೆಲ್ಲು ಕಟ್ಟಿದ, ಈ ವರ್ಷದ ಮಸಾಲಿ ಖಾರ. ಅಷ್ಟೆಲ್ಲ ಕಟ್ಟಿದ್ದರೂ ವಾಸನೆ ಮಾತ್ರ ಹುಡುಗಿಗಿಂತ ಮೊದಲೇ ಒಳಗೆ ಬಂದು ಕೂತಿತ್ತು. ನಾನು ಒಂದರ ಹಿಂದೆ ಒಂದು ಮೂರು ಸಲ ಸೀನಿದೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಬೆಳ್ಳಿ ನೆನಪಾಯ್ತೇನ್ರಿ?" ಎಂದು ಕೇಳಿ ನಕ್ಕಳು.

ಖಾರದ ವಾಸನೆಗೆ ಬೆಳ್ಳಿ ನೆನಪಾಗುವ ಮನುಷ್ಯ ಇಡೀ ಕಲಬುರಗಿಯಲ್ಲಿ ನಾನೊಬ್ಬನೇ ಇರಬೇಕು. ನಿಮಗೆ ಇದು ವಿಚಿತ್ರ ಅನ್ನಿಸಿದರೆ ತಪ್ಪಿಲ್ಲ. ಸ್ವಲ್ಪ ಹೊತ್ತು ಕೂಡಿ, ಹೇಳುತ್ತೇನೆ. ಹೇಗೂ ಸೃಷ್ಟಿಯನ್ನು ಪೇಟೆಗೆ, ಅಂದರೆ ನಮ್ಮೂರವರು ಸೂಪರ್ ಮಾರ್ಕೆಟ್ ಅನ್ನುವ ಅಂಗಡಿಬೀದಿಗೆ, ಕರೆದುಕೊಂಡು ಹೋಗಬೇಕಾದದ್ದು ಬಿಸಿಲು ಇಳಿದ ಮೇಲೆ.

ಹನ್ನೊಂದು ಹನ್ನೆರಡು ವರ್ಷದ ಹಿಂದೆ ನನಗೆ ಬೆಳ್ಳಿ ನಾಣ್ಯದ ಹುಚ್ಚು ಹಿಡಿದಿತ್ತು. ಲಕ್ಷ್ಮೀಪೂಜೆಯ ದಿನ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚುವ ನಾಣ್ಯ ಎಂದು ತಿಳಿಯಬೇಡಿ. ಅಂಥದನ್ನು ಆಗ ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನನ್ನದು ಉತ್ತಮ ದರ್ಜೆಯ ಮಾಲು. ಸಾವಿರ ಪಾಲಿನಲ್ಲಿ ಒಂಬೈನೂರ ತೊಂಬತ್ತೊಂಬತ್ತು ಪಾಲು ಚೊಕ್ಕ ಬೆಳ್ಳಿ. ಪೇಟೆಯಲ್ಲಿ ಅದಕ್ಕೆ ಸಲೀಸಾಗಿ ಮೂರು ಒಂಬತ್ತು ಅನ್ನುತ್ತಾರೆ. ಒಂದೊಂದು ನಾಣ್ಯಕ್ಕೂ ಒಂದೊಂದು ದುಂಡನೆಯ ಪಾರದರ್ಶಕ ಡಬ್ಬಿ. ಬೆರಳು ತಾಕಿದರೆ ಗುರುತು ಬೀಳುತ್ತದೆ, ಗುರುತು ಬಿದ್ದರೆ ದರ್ಜೆ ಇಳಿಯುತ್ತದೆ. ಹಾಗಾಗಿ ನಾನು ಬಿಳಿ ನೂಲಿನ ಕೈಗವಸು ತೊಟ್ಟೇ ಅವನ್ನು ಮುಟ್ಟುತ್ತಿದ್ದೆ. ಭಾನುವಾರ ಬೆಳಿಗ್ಗೆ ಕಿಟಕಿಯ ಬಳಿ ಕೈಗವಸು ತೊಟ್ಟು ಕೂತ ನನ್ನನ್ನು ಕಂಡು, ಪಕ್ಕದ ಮನೆಯವರು ನನಗೆ ಚರ್ಮದ ಕಾಯಿಲೆ ಎಂದು ಒಂದು ವರ್ಷ ನಂಬಿದ್ದರು. "ದೇವರ ಜಗಲಿ ಮುಟ್ಟಾಕ ಇಷ್ಟು ಮಡಿ ಮಾಡಿದ್ರ ನಮಗ ಮೋಕ್ಷ ಸಿಗ್ತಿತ್ತು ನೋಡ್ರಿ" ಎಂದು ಹೆಂಡತಿ ಅನ್ನುತ್ತಿದ್ದಳು. ಸಂಗ್ರಹಕಾರನ ಬಾಳು ಹಾಗೇ, ಮನೆಯಲ್ಲಿ ಮರ್ಯಾದೆ ಇರುವುದಿಲ್ಲ.

ಈ ಹುಚ್ಚು ಹಿಡಿಸಿದವರು ರುಕ್ಮೋದ್ದೀನ್ ಭಾಯಿ. ಸೂಪರ್ ಮಾರ್ಕೆಟ್ಟಿನ ಒಂದು ಓಣಿಯಲ್ಲಿ, ನಾಲ್ಕೈದು ಜನ ಒಳಗೆ ಹೋದರೆ ಮುಂದಿನವರು ಮೆಟ್ಟಿಲ ಮೇಲೆ ನಿಲ್ಲಬೇಕಾದಷ್ಟು ಅಂಗಡಿ ಅವರದು. ಅವರ ಅಜ್ಜ ಬೆಳ್ಳಿ ಕರಗಿಸುತ್ತಿದ್ದರು, ಅಪ್ಪ ಕರಗಿಸುತ್ತಿದ್ದರು, ಇವರು ಕರಗಿಸುವುದರ ಜೊತೆಗೆ ಮಾರುತ್ತಲೂ ಇದ್ದರು. ಹೊಸ ನಾಣ್ಯ ಬಂದರೆ ಮೊದಲು ನನಗೆ ಫೋನು. ಹೋದರೆ ಮೊದಲು ಚಹಾ. ಆಮೇಲೆ ಅಂಗೈಯಲ್ಲಿ ಮಖಮಲ್ಲಿನ ತುಂಡು ಹರವಿ, ಅದರ ಮೇಲೆ ಡಬ್ಬಿ ಇಟ್ಟು, "ಏನ್ ತೋರಸ್ಲಿ ಅಂತ ಕೇಳಂಗಿಲ್ಲ ಮಾಸ್ತರ್, ಇದನ್ನ ನೀವು ನೋಡಲೇಬೇಕು" ಅನ್ನುತ್ತಿದ್ದರು. ಕೊಲ್ಲಿ ದೇಶದಿಂದ ಬಂದ ಅವರ ಅಳಿಯ ತಂದಿದ್ದ, ಎಲೆಯ ಚಿತ್ರದ ಒಂದು ಹೊರದೇಶದ ನಾಣ್ಯವನ್ನು ಅವರು ನನಗಾಗಿ ಆರು ತಿಂಗಳು ತೆಗೆದಿಟ್ಟಿದ್ದರು. ಅದು ನಾಲ್ಕು ಒಂಬತ್ತಿನದು, ಮೂರು ಒಂಬತ್ತಿಗಿಂತಲೂ ಚೊಕ್ಕ. ಅದನ್ನು ಮನೆಗೆ ತಂದ ರಾತ್ರಿ ನನಗೆ ಊಟ ಸೇರಲಿಲ್ಲ. ಅಂದ ಹಾಗೆ ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರು. ಈ ಮಾತನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಆಗ ಮರೆತಿದ್ದೆ.

ಹೀಗೆ ಹತ್ತೊಂಬತ್ತು ನಾಣ್ಯ ಸೇರಿದ ಹೊತ್ತಿಗೆ ನನ್ನ ತಂಗಿ ನೀಲಾಳ ಫೋನು ಬಂತು. ನೀಲಾಳನ್ನು ಕೊಟ್ಟದ್ದು ಕಮಲಾಪುರದ ಬಾಳೆತೋಟದ ಮನೆಗೆ. ಮದುವೆಯಾಗಿ ಎಂಟು ವರ್ಷದ ಮೇಲೆ ಸೃಷ್ಟಿ ಹುಟ್ಟಿದ್ದಳು. ಕೂಸಿನ ಜವಳ, ಅಂದರೆ ಮೊದಲ ಸಲ ಕೂದಲು ತೆಗೆಯುವ ಶಾಸ್ತ್ರ, ಬೇಸಿಗೆಯಲ್ಲಿ ಗೊತ್ತಾಗಿತ್ತು. ಜವಳದಲ್ಲಿ ಸೋದರಮಾವನ ಕೆಲಸ ಎರಡು: ಮೊದಲ ಕತ್ತರಿ ಹಾಕುವುದು, ಬೆಳ್ಳಿ ಕೊಡುವುದು. ಕತ್ತರಿಯ ಬಗ್ಗೆ ನನಗೆ ತಕರಾರಿರಲಿಲ್ಲ.

"ಅಣ್ಣಾ, ನನ್ನ ಮಗಳಿಗಿ ಉಣ್ಣಾಕ ಬೆಳ್ಳಿ ಬಟ್ಟಲ ಬೇಕು" ಎಂದಳು.

"ಕೊಡೋಣ ಬಿಡು. ಭಾರಿ ಡಿಸೈನಿಂದು ತರ್ತೀನಿ."

"ಅಂಗಡ್ಯಾಗಿನ ಬಟ್ಟಲ ಯಾರು ಕೇಳ್ಯಾರ? ಅದರಾಗ ಅರ್ಧ ತಾಮ್ರ ಇರ್ತದ. ನಿನ್ನ ಡಬ್ಬ್ಯಾಗಿನ ಚೊಕ್ಕ ಬೆಳ್ಳಿ ಅದಲಾ, ಅದನ್ನ ಕರಗಿಸಿ ಮಾಡಸು."

ಕರಗಿಸುವುದು! ಓದುಗ ಮಿತ್ರರೇ, ನಿಮ್ಮ ಮಕ್ಕಳ ಮದುವೆ ಫೋಟೋ ಒಲೆಗೆ ಹಾಕಿ ಚಹಾ ಕಾಸು ಅಂದರೆ ನಿಮಗೆ ಹೇಗಾಗುತ್ತದೆಯೋ ನನಗೆ ಹಾಗಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಅಯ್ಯ, ಅವೆಲ್ಲಾ ಮಾರಿದೆ ನೀಲಾ. ಒಂದೂ ಉಳಿದಿಲ್ಲ."

ಆ ಕಡೆಯಿಂದ "ಹೌದಾ? ಇರಲಿ. ನಾಳಿ ಕೂಸಿನ್ನ ಕರಕೊಂಡು ಬರ್ತೀನಿ. ಹದಿನೈದು ದಿನ ಇದ್ದು ಬಟ್ಟಿ ಬರಿ ತಗೊಂಡು ಹೋಗ್ತೀನಿ" ಎಂದಳು.

ನೀಲಾ ಬಂದರೆ ಮನೆಯ ಯಾವ ಕಪಾಟೂ ಅವಳ ಕಣ್ಣಿಗೆ ಮುಚ್ಚಿದ್ದಲ್ಲ. ಚಿಕ್ಕಂದಿನಲ್ಲಿ ನಾನು ಹಾಸಿಗೆಯ ಸುರುಳಿಯಲ್ಲಿ ಬಚ್ಚಿಟ್ಟ ಪೇರಲಕಾಯಿಯನ್ನು ವಾಸನೆ ಹಿಡಿದು ತೆಗೆದವಳು ಅವಳು. ಆ ರಾತ್ರಿ ತಿಜೋರಿ, ಪುಸ್ತಕದ ಕಪಾಟು, ನೀರಿನ ಟ್ಯಾಂಕಿನ ಮೇಲಿನ ಮುಚ್ಚಳ ಎಲ್ಲವನ್ನೂ ಮನಸ್ಸಿನಲ್ಲೇ ತೆರೆದು ನೋಡಿದೆ. ಕೊನೆಗೆ ಅಡುಗೆಮನೆಯ ಮೂಲೆಯಲ್ಲಿದ್ದ ಖಾರದ ಭರಣಿ ಕಣ್ಣಿಗೆ ಬಿತ್ತು.

ನಮ್ಮ ಕಡೆಯ ಮಸಾಲಿ ಖಾರ ನಿಮಗೆ ಗೊತ್ತಿಲ್ಲದಿದ್ದರೆ ಹೇಳಬೇಕು. ಅದು ಬರೀ ಮೆಣಸಿನಪುಡಿಯಲ್ಲ. ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ, ಅದಕ್ಕೆ ಕೊತ್ತಂಬರಿ, ಒಣಕೊಬ್ಬರಿ, ಹುರಿದ ಉಳ್ಳಾಗಡ್ಡಿ, ಬುಟ್ಟಿಗಟ್ಟಲೆ ಬಳ್ಳೊಳ್ಳಿ, ಮೇಲಿಷ್ಟು ಇಂಗು ಹಾಕಿ ಕುಟ್ಟಿ, ವರ್ಷಕ್ಕಾಗುವಷ್ಟನ್ನು ಭರಣಿಯಲ್ಲಿ ಒತ್ತಿ ತುಂಬಿಡುತ್ತಾರೆ. ಅದರೊಳಗೆ ಮೊಣಕೈ ತನಕ ಕೈ ಹಾಕುವ ಕಳ್ಳ ಇನ್ನೂ ಹುಟ್ಟಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಡಬ್ಬಿ ಸಮೇತ ಹೂತರೆ ಅರ್ಧ ಖಾರ ಹೊರಗೆ ಚೆಲ್ಲುತ್ತಿತ್ತು. ಆದ್ದರಿಂದ ಬಿಳಿ ಕೈಗವಸು ತೊಟ್ಟು, ನಾಣ್ಯಗಳನ್ನು ಒಂದೊಂದಾಗಿ ಡಬ್ಬಿಯಿಂದ ಬಿಡಿಸಿ, ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ತಳಕ್ಕೆ ಇಳಿಸಿ ಮೇಲೆ ಖಾರ ಮುಚ್ಚಿದೆ. ಆಮೇಲೆ ಅದೇ ಕೈಗವಸಿನಲ್ಲಿ ಕಣ್ಣೊರೆಸಿಕೊಂಡೆ. ಮುಂದಿನ ಅರ್ಧ ಗಂಟೆ ನಲ್ಲಿಯ ಕೆಳಗೆ ಮುಖವಿಟ್ಟುಕೊಂಡು ನಿಂತಿದ್ದೆ. ಎದ್ದು ಬಂದ ಹೆಂಡತಿಗೆ ಎಲ್ಲ ಅರ್ಥವಾಯಿತು. "ನಾ ಏನೂ ನೋಡಿಲ್ಲ, ನನಗೇನೂ ಗೊತ್ತಿಲ್ಲ" ಎಂದು ಹೋಗಿ ಮಲಗಿದಳು.

ನೀಲಾ ಬಂದಳು, ಹದಿನೈದು ದಿನ ಇದ್ದಳು, ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಮನೆಯೆಲ್ಲ ಓಡಾಡಿದಳು. ಅವಳು ಅಡುಗೆಮನೆಗೆ ಹೋದಾಗಲೆಲ್ಲ ನನಗೆ ಬಾಯಾರಿಕೆ. ಹೋಗಿ ನೀರು ಕುಡಿಯುತ್ತಾ ಭರಣಿಯ ಪಕ್ಕ ನಿಲ್ಲುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನಗೆ ಆಗ ನೆನಪಾಗಲಿಲ್ಲ. ಅವಳು ಏನನ್ನೂ ಕೇಳಲಿಲ್ಲ. ಒಂದೂವರೆ ತಿಂಗಳ ಮೇಲೆ, ಜವಳದ ದಿನ ಕಮಲಾಪುರಕ್ಕೆ ಹೋಗಿ, ಕೂಸಿನ ಕೂದಲಿಗೆ ಕತ್ತರಿ ತಾಗಿಸಿ, ಅಂಗಡಿಯಿಂದ ತಂದ ಬಟ್ಟಲು ಕೊಟ್ಟೆ. ನೀಲಾ ಅದನ್ನು ತಿರುಗಿಸಿ ತಳ ನೋಡಿದಳು. "ಭಾಳ ಛಲೋ ಅದ ಅಣ್ಣಾ" ಎಂದು ಒಳಗೆ ಇಟ್ಟಳು. ಬೈದಿದ್ದರೆ ನಿದ್ದೆ ಬರುತ್ತಿತ್ತು.

ಊರಿಗೆ ಬಂದವನೇ ಗಂಟು ಬಿಚ್ಚಿದೆ. ಹತ್ತೊಂಬತ್ತೂ ಕರ್ರಗಾಗಿದ್ದವು. ಅಂಚು ನೀಲಿ, ನಡುವೆ ಕಾಡಿಗೆ. ಎಲೆಯ ನಾಣ್ಯದ ಎಲೆಯೇ ಕಾಣುತ್ತಿರಲಿಲ್ಲ. ನನ್ನ ತಲೆಯಲ್ಲಿ ಒಂದೇ ಯೋಚನೆ: ಚೊಕ್ಕ ಬೆಳ್ಳಿ ಎರಡು ತಿಂಗಳಲ್ಲಿ ಹೀಗಾಗುತ್ತದೆಯೇ? ರುಕ್ಮೋದ್ದೀನ್ ಭಾಯಿ ನನಗೆ ಟೋಪಿ ಹಾಕಿದ್ದಾರೆ. ಗಂಟು ಹಿಡಿದುಕೊಂಡು ಆಟೋ ಹತ್ತಿದೆ. ಶರಣಬಸವೇಶ್ವರ ಗುಡಿಯ ಮುಂದೆ ಹಾಯುವಾಗ ಕೈ ಮುಗಿಯುವುದನ್ನೂ ಮರೆತೆ.

ಅಂಗಡಿ ತುಂಬಿತ್ತು. ನಾಲ್ಕೈದು ಗಿರಾಕಿಗಳು. ಕೋಟನೂರಿನ ಒಬ್ಬ ಮುದುಕಿ ಹಳೆಯ ಕಾಲುಂಗುರ ಕೊಟ್ಟು ಮೊಮ್ಮಗಳಿಗೆ ಹೊಸದು ಮಾಡಿಸಲು ಬಂದು ತಕ್ಕಡಿಯ ಮುಂದೆ ಕೂತಿದ್ದಳು. ನಾನು ಮೆಟ್ಟಿಲ ಮೇಲಿಂದಲೇ ಗಂಟನ್ನು ಗಾಜಿನ ಮೇಲೆ ಸುರುವಿದೆ. ಅಷ್ಟು ವರ್ಷ ರೀ ಹಚ್ಚಿ ಮಾತಾಡಿದವನು ಏಕವಚನಕ್ಕೆ ಇಳಿದೆ.

"ಮೂರು ಒಂಬತ್ತು ಅಂದಿದ್ದಿ. ಇದೇನು ತೋರಸು ಎಲ್ಲಾರಿಗೂ. ಗಿಲೀಟು ಮಾರಾಕತ್ತೀ ಏನು?"

ಅವರು ಒಂದು ನಾಣ್ಯ ಎತ್ತಿ ಮೂಗಿನ ಬಳಿ ತಂದರು. ಜೋರಾಗಿ ಸೀನಿದರು. ಇನ್ನೊಂದು ಎತ್ತಿ ಮತ್ತೆ ಸೀನಿದರು. ಕಣ್ಣಲ್ಲಿ ನೀರು ಬಂತು. ಕಳ್ಳತನ ಬಯಲಾಗಿ ಅಳು ಬಂದಿದೆ ಎಂದೇ ನಾನು ತಿಳಿದೆ.

"ಎಲ್ಲಿ ಇಟ್ಟಿದ್ರಿ ಮಾಸ್ತರ್ ಇವನ್ನ?"

ಖಾರದ ಭರಣಿಯಲ್ಲಿ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? "ತಿಜೋರ್‍ಯಾಗ! ಮತ್ತೆಲ್ಲಿ ಇಡ್ತಾರ?"

"ಕೂಡ್ರಿ. ಒಂದು ಕರಗಿಸಿ ತೋರಸ್ತೀನಿ. ನಿಮ್ಮ ಕಣ್ಣಾರೆ ನೋಡ್ರಿ."

"ನಿನ್ನ ಒಲಿ, ನಿನ್ನ ತಕ್ಕಡಿ, ನಿನ್ನ ಮಾತು. ಇದರಾಗ ನಾ ಯಾವುದನ್ನ ನಂಬಲಿ?"

ಆಗ ಕೋಟನೂರಿನ ಮುದುಕಿ ತಕ್ಕಡಿಯಿಂದ ತನ್ನ ಕಾಲುಂಗುರಗಳನ್ನು ಮೆಲ್ಲಗೆ ಎತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನನ್ನ ಪಕ್ಕದಿಂದ ಇಳಿದು ಹೋದಳು. ಅವಳ ಹಿಂದೆ ಇನ್ನಿಬ್ಬರು. ರುಕ್ಮೋದ್ದೀನ್ ಭಾಯಿ ಅವಳು ಓಣಿಯ ತಿರುವು ದಾಟುವ ತನಕ ನೋಡಿದರು. ನಾಣ್ಯಗಳನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. "ಹೋಗಿ ಬರ್ರಿ ಮಾಸ್ತರ್" ಎಂದರು. ನಾನು ಗೆದ್ದವನ ಗತ್ತಿನಲ್ಲಿ ಮನೆಗೆ ಬಂದೆ.

ಶಾಲೆ ಶುರುವಾಗಿ ಹತ್ತನೆಯ ತರಗತಿಗೆ ಲೋಹಗಳ ಪಾಠ ಬಂತು. ಇಪ್ಪತ್ತು ವರ್ಷದಿಂದ ಒಂದೇ ಪಾಠ. ಬಾಯಿ ತಾನಾಗಿ ನಡೆಯುತ್ತಿತ್ತು. "ಬೆಳ್ಳಿಗೆ ಗಂಧಕ ಸೇರಿದರೆ ಕಪ್ಪಾಗುತ್ತದೆ. ಎಷ್ಟು ಚೊಕ್ಕ ಇದ್ದರೂ ಆಗುತ್ತದೆ. ಗಂಧಕ ಎಲ್ಲೆಲ್ಲಿ ಇರುತ್ತದೆ? ಬರೆದುಕೊಳ್ಳಿ: ತತ್ತಿ, ಉಳ್ಳಾಗಡ್ಡಿ, ಬಳ್ಳೊಳ್ಳಿ..." ಮುಂದಿನದು ಇಂಗು. ಅದು ಬಾಯಿಂದ ಬರಲಿಲ್ಲ. ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೇ ನಿಂತಿತು. ಹಿಂದಿನ ಬೆಂಚಿನವರು ಪಾಠ ಮುಗಿಯಿತೆಂದು ಪುಸ್ತಕ ಮುಚ್ಚಿದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ. ನನಗಂತೂ ಅವತ್ತು ಇಡೀ ಬದನೆಯ ತೋಟವೇ ಕಾಣಿಸಿತು. ಅದಕ್ಕಿಂತ ಹೆಚ್ಚಾಗಿ ಆ ಮುದುಕಿಯ ಸೆರಗಿನ ಗಂಟು ಕಾಣಿಸಿತು.

ಕ್ಷಮೆ ಕೇಳಲು ಹೋದೆ. ಆದರೆ ನನ್ನ ಜಾಣತನ ನೋಡಿ: ಮಧ್ಯಾಹ್ನದ ನಮಾಜು ಮುಗಿಸಿ ಅವರು ಆಗಷ್ಟೇ ಬಂದು ಕೂತಿರುವ, ಒಬ್ಬ ಗಿರಾಕಿಯೂ ಇಲ್ಲದ ಹೊತ್ತು ನೋಡಿಕೊಂಡು ಹೋದೆ. ಎಲ್ಲ ಹೇಳಿದೆ. ಖಾರದ ಭರಣಿ ಎಂದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿ, ಗಾಜಿನ ಮೇಲೆ ತಲೆಯಿಟ್ಟು ನಕ್ಕರು. "ಅರೆ ಭಾಯಿ, ಖಾರದಾಗ? ಖರೇ ಬೆಳ್ಳಿ ಇದ್ದದ್ದಕ್ಕೇ ಕರ್ರಗಾಯ್ತು. ಸ್ಟೀಲ್ ಇದ್ದಿದ್ರ ಹಂಗೇ ಹೊಳೀತಿತ್ತು ನೋಡ್ರಿ!" ಚಹಾ ತರಿಸಿದರು. "ಮಾಫ್ ಮಾಡೀನಿ, ಬಿಡ್ರಿ" ಎಂದರು.

ನನಗೆ ಎದೆ ಹಗುರಾಯಿತು. ಗಾಜಿನೊಳಗೆ ಒಂದು ಹೊಸ ನಾಣ್ಯ ಕಂಡಿತು. "ಅದನ್ನ ತೋರಿಸ್ರಿ ಭಾಯಿ" ಎಂದೆ.

ಅವರು ಗಾಜಿನ ಬಾಗಿಲು ಸರಿಸಿ ಮುಚ್ಚಿದರು. "ಚಾ ನಮ್ಮಲ್ಲಿ ಕುಡೀರಿ ಮಾಸ್ತರ್. ಏನರ ಕೆಲಸ ಇದ್ರ ಮಾಡಿಕೊಡ್ತೀನಿ. ಬೆಳ್ಳಿ ಮಾತ್ರ ಬ್ಯಾರೆ ಅಂಗಡ್ಯಾಗ ತಗೋರಿ. ನಿಮಗ ನಾ ಮಾರಂಗಿಲ್ಲ."

"ಮಾಫ್ ಮಾಡೀನಿ ಅಂದ್ರೆಲಾ?"

"ಮಾಡೀನಿ. ಅದು ಬ್ಯಾರೆ, ಇದು ಬ್ಯಾರೆ."

ಕರ್ರಗಾದ ನಾಣ್ಯವನ್ನು ಉಜ್ಜಿದರೆ ಹೊಳಪು ಬರುತ್ತದೆ, ಹೋದ ದರ್ಜೆ ಬರುವುದಿಲ್ಲ. ಹತ್ತೊಂಬತ್ತನ್ನೂ ಅವರ ಮುಂದೆ ಇಟ್ಟು ಬಟ್ಟಲು ಮಾಡಿಕೊಡಿ ಎಂದೆ. ಮಾಡಿಕೊಟ್ಟರು. ಅದನ್ನು ಹಿಡಿದು ಕಮಲಾಪುರಕ್ಕೆ ಹೋಗಿ ನೀಲಾಳ ಮುಂದೆ ತಪ್ಪೊಪ್ಪಿಕೊಂಡೆ. ಅವಳು ಬಟ್ಟಲನ್ನು ಕೂಸಿನ ಕೈಗೆ ಕೊಟ್ಟು, ಸಣ್ಣಗೆ ನಕ್ಕಳು.

"ನನಗ ಗೊತ್ತಿತ್ತು ಬಿಡಣ್ಣಾ. ಬಂದ ಮೂರನೇ ದಿನಾನೇ ಖಾರ ತಗಿಯಾಕ ಉದ್ದನ ಸೌಟ ತಳದ ತನಕ ಹಾಕಿದ್ರ ಖಣ್ ಅಂತು."

"ಮತ್ತ ಯಾಕ ಹೇಳಲಿಲ್ಲ?"

"ತಂಗಿಗಿಂತ ಬೆಳ್ಳಿ ಹೆಚ್ಚಾಯ್ತಲಾ ನಿನಗ. ಇರಲಿ, ಅದೂ ಒಂದೀಟು ಖಾರ ತಿನ್ಲಿ ಅಂತ ಮ್ಯಾಲ ಚಂದಗೆ ಮುಚ್ಚಿಟ್ಟೆ."

ಚೊಕ್ಕ ಬೆಳ್ಳಿ ಬಲು ಮೆತ್ತಗೆ. ಸೃಷ್ಟಿಗೆ ಹಲ್ಲು ಬಂದ ವರ್ಷವೇ ಆ ಬಟ್ಟಲಿನ ಅಂಚೆಲ್ಲ ಕಚ್ಚಿ ಸೊಟ್ಟ ಮಾಡಿದಳು.

ಆಮೇಲೆ ಹತ್ತು ವರ್ಷ. ನಾನು ಬೇರೆ ಅಂಗಡಿಗಳಲ್ಲಿ ಮತ್ತೆ ಒಂದೆರಡು ನಾಣ್ಯ ತೆಗೆದುಕೊಂಡದ್ದುಂಟು. ತಂದು ಇವರ ಮುಂದೆ ಇಡುತ್ತಿದ್ದೆ. ಇವರು ಪರೀಕ್ಷೆ ಮಾಡಿ, "ಚೊಕ್ಕ ಅದ" ಎಂದು ಹಿಂದಕ್ಕೆ ಕೊಡುತ್ತಿದ್ದರು. ರಮಜಾನಿಗೆ ಶೀರ್‌ಖುರ್ಮಾ ನಮ್ಮ ಮನೆಗೆ ಬರುತ್ತಿತ್ತು, ಪಂಚಮಿಯ ಉಂಡಿ ಅವರ ಮನೆಗೆ ಹೋಗುತ್ತಿತ್ತು. ಮಾರುವ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ. ಮೆಲ್ಲಗೆ ನನ್ನ ಹುಚ್ಚೂ ಇಳಿಯಿತು. ಅವರು ಕೊಡದ ನಾಣ್ಯದಲ್ಲಿ ನನಗೆ ರುಚಿ ಸಿಗಲಿಲ್ಲ ಎಂದು ಹೇಳಿದರೆ ನೀವು ನಂಬಬೇಕು. ಕೋಟನೂರಿಗೂ ಎರಡು ಸಲ ಹೋಗಿ ಆ ಮುದುಕಿಯನ್ನು ಹುಡುಕಿದೆ. ಹೆಸರು ಗೊತ್ತಿಲ್ಲ, ಓಣಿ ಗೊತ್ತಿಲ್ಲ. ಕಾಲುಂಗುರ ಹಾಕಿದ ಮುದುಕಿಯರನ್ನೆಲ್ಲ ಕಾಲು ನೋಡುತ್ತಾ ವಿಚಾರಿಸಿದವನಿಗೆ ಅಲ್ಲಿನ ಜನ ಹೊಡೆಯದೆ ಬಿಟ್ಟದ್ದೇ ದೊಡ್ಡದು.

ಇಷ್ಟು ಹೇಳುವಷ್ಟರಲ್ಲಿ ಬಿಸಿಲು ಇಳಿಯಿತು, ಸೃಷ್ಟಿಗೆ ಕಾಲ್ಗೆಜ್ಜೆ ಕೊಡಿಸಲು ಹೋದೆವು. ಉಳಿದದ್ದನ್ನು ತಿರುಗಿ ಬಂದ ಮೇಲೆ ಹೇಳುತ್ತಿದ್ದೇನೆ. ಬೇರೆ ಅಂಗಡಿಗೇ ಹೊರಟಿದ್ದೆ. ರುಕ್ಮೋದ್ದೀನ್ ಭಾಯಿ ಓಣಿಯಲ್ಲೇ ನಮ್ಮನ್ನು ಕಂಡು ಹುಡುಗಿಯನ್ನು ಕೈ ಬೀಸಿ ಕರೆದರು. ಅಂಗಡಿಯಲ್ಲಿ ನಾಲ್ಕೈದು ಜನ. ನಾನು ವಾಡಿಕೆಯಂತೆ ಮೆಟ್ಟಿಲ ಮೇಲೆ ನಿಂತೆ. ಅವರು ಗೆಜ್ಜೆಗಳನ್ನು ಒಂದೊಂದಾಗಿ ತೆಗೆದು ಅವಳಿಗೆ ತೋರಿಸಿದರು. ಅವಳು ಒಂದು ಆರಿಸಿದಳು. ರಸೀದಿಯ ಮೇಲೆ ಅವಳ ಹೆಸರನ್ನೇ ಬರೆದರು. ನಾನು ದುಡ್ಡು ಚಾಚಿದರೆ ಕೈ ಅಡ್ಡ ಮಾಡಿದರು.

"ಗಿರಾಕಿ ನೀವಲ್ಲ ಮಾಸ್ತರ್, ಆಕಿ. ಆಕಿ ಕೈಯಾಗ ಕೊಡ್ರಿ, ಆಕಿ ನನಗ ಕೊಡ್ತಾಳ. ನಿಮಗ ಮಾರಂಗಿಲ್ಲ ಅಂದೀನಿ. ಆಕಿಗಿ ಮಾರಂಗಿಲ್ಲ ಅಂದೀನೇನು?"

ಸೃಷ್ಟಿ ನೋಟು ಕೊಟ್ಟು, ಗೆಜ್ಜೆ ತೆಗೆದುಕೊಂಡು, ತನ್ನ ತಾಯಿಯ ಧ್ವನಿಯಲ್ಲೇ ಕೇಳಿದಳು. "ಮಾಮಾ, ನಿನಗ್ಯಾಕ ಮಾರಂಗಿಲ್ಲ ಇವರು?"

ಅಂಗಡಿಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ರುಕ್ಮೋದ್ದೀನ್ ಭಾಯಿ ತಕ್ಕಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ತಲೆ ಎತ್ತಲಿಲ್ಲ. ಹತ್ತು ವರ್ಷದ ಹಿಂದೆ ಖಾಲಿ ಅಂಗಡಿ ನೋಡಿಕೊಂಡು ಬಂದಿದ್ದ ನನ್ನ ಜಾಣತನ ಅವರಿಗೆ ಅವತ್ತೇ ತಿಳಿದಿತ್ತು. ನನಗೆ ಈಗ ತಿಳಿಯಿತು.

ನಾನು ಮೆಟ್ಟಿಲು ಹತ್ತಿ ಒಳಗೆ ಬಂದೆ. ಪಾಠ ಹೇಳುವ ದನಿ ನನ್ನದು, ಓಣಿಯ ಆಚೆಗೂ ಕೇಳಿಸುತ್ತದೆ. "ಯಾಕಂದ್ರ ನಾ ಇವರಿಗಿ ಕಳ್ಳ ಅಂದೆನವ್ವ. ಇದೇ ಜಾಗದಾಗ, ಇಷ್ಟೇ ಮಂದಿ ಮುಂದ. ಇವರ ಬೆಳ್ಳಿ ಚೊಕ್ಕ ಇತ್ತು. ತಪ್ಪು ನಂದಿತ್ತು."

ಮಾತು ಮುಗಿಯಿತೆಂದು ನಾನು ಸುಮ್ಮನಾದೆ. ಅವರು ಬಟ್ಟೆ ಮಡಚುತ್ತಾ, ನೆಲ ನೋಡುತ್ತಲೇ ಕೇಳಿದರು. "ಎಲ್ಲಿ ಇಟ್ಟಿದ್ರಿ ಮಾಸ್ತರ್ ಅವನ್ನ?"

"ಖಾರದ ಭರಣ್ಯಾಗ ಇಟ್ಟಿದ್ದೆ" ಎಂದೆ. "ಬಳ್ಳೊಳ್ಳಿ, ಇಂಗು ಎಲ್ಲಾ ಹಾಕಿದ ಮಸಾಲಿ ಖಾರ."

ಮೊದಲು ಒಬ್ಬ ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಇಡೀ ಅಂಗಡಿ ನಕ್ಕಿತು. ಸೃಷ್ಟಿ ಗಾಜಿನ ಮೇಲೆ ಬಿದ್ದು ನಕ್ಕಳು. ನಾಳೆ ಈ ಸುದ್ದಿ ಕಮಲಾಪುರಕ್ಕೆ, ಅಲ್ಲಿಂದ ಸುತ್ತಿನ ಹಳ್ಳಿಗಳಿಗೆ. ರುಕ್ಮೋದ್ದೀನ್ ಭಾಯಿ ಮಾತ್ರ ನಗಲಿಲ್ಲ. ಇದ್ದವರನ್ನು ಸ್ವಲ್ಪ ಸರಿಸಿ, ಒಂದು ಸ್ಟೂಲು ಎಳೆದು ನನ್ನ ಮುಂದೆ ಇಟ್ಟರು. ಮಖಮಲ್ಲಿನ ತುಂಡನ್ನು ಅಂಗೈಯಲ್ಲಿ ಹರವಿದರು.

"ಬರ್ರಿ ಮಾಸ್ತರ್, ಕೂಡ್ರಿ. ಏನ್ ತೋರಸ್ಲಿ?"

ಗಾಜಿನೊಳಗೆ ಸಾಲಾಗಿ ಡಬ್ಬಿಗಳಿದ್ದವು. ನಾನು ನೋಡಿದೆ, ಆದರೆ ಕಣ್ಣು ಮಂಜಾಗಿ ಒಂದೂ ಸರಿಯಾಗಿ ಕಾಣಲಿಲ್ಲ. ಇವತ್ತು ಖಾರದ ನೆಪವೂ ಇರಲಿಲ್ಲ. "ಮೊದಲು ಚಾ ಹೇಳ್ರಿ ಭಾಯಿ" ಎಂದೆ.